ಷಂಡತನ ಬೇರೆ, ಬಂಜೆತನ ಬೇರೆ

ಮದುವೆಯಾಗಿ ನಾಲ್ಕು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ನಮ್ಮ ಜನ ಮೊದಲು ಹೆಂಡತಿಯನ್ನು ‘ಬಂಜೆ’ ಎನ್ನುವರು. ಆಕೆಯಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದರೆ ಗಂಡನನ್ನು ಮರೆಯಲ್ಲಿ ‘ಷಂಡ’ ಎನ್ನುವರು. ದಾಂಪತ್ಯಕ್ಕೆ ಶಕ್ತನಾಗಿದ್ದೂ ಮಕ್ಕಳಾಗದಿರುವ ಗಂಡಸಿಗೆ ನಮ್ಮ ಆಡುಮಾತಿನಲ್ಲಿ ಬೇರೆ ಪದವೇ ಇಲ್ಲ. ಇದರಿಂದಾಗುವ ಹಾನಿ ಸಣ್ಣದಲ್ಲ. ಪರೀಕ್ಷೆಗೆ ಹೋದರೆ ಗಂಡಸುತನಕ್ಕೇ ಕುಂದೆಂದು ಗಂಡ ಹಿಂಜರಿಯುವನು. ಹೆಂಡತಿಯೊಬ್ಬಳೇ ಹರಕೆ, ಔಷಧಿ ಎಂದು ಅಲೆಯುವಳು. ಕೆಲವು ಮನೆಗಳಲ್ಲಿ ಎರಡನೆಯ ಮದುವೆಯ ಮಾತೂ ಏಳುವುದು.

ನಾವು ವೈದ್ಯರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದರೂ ವೈದ್ಯಶಾಸ್ತ್ರದಲ್ಲಿ ನಿಶ್ಚಿತವಾಗಿರುವಷ್ಟನ್ನು ವಾಚನಾಲಯದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಷಂಡತನವೆಂದರೆ ಸಂಭೋಗಕ್ಕೆ ಬೇಕಾದಷ್ಟು ಬಿಗಿತ ಲಿಂಗಕ್ಕೆ ಬಾರದಿರುವುದು ಅಥವಾ ಬಂದರೂ ನಿಲ್ಲದಿರುವುದು. ಬಂಜೆತನವೆಂದರೆ ಸಂತತಿ ನಿರೋಧದ ಯಾವ ಉಪಾಯವನ್ನೂ ಬಳಸದೆ ದಂಪತಿಗಳು ೧೨ ತಿಂಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿರುವುದು. ಮೊದಲನೆಯದು ರಕ್ತನಾಳ, ನರ ಮತ್ತು ಮನಸ್ಸುಗಳಿಗೆ ಸೇರಿದ್ದು. ಎರಡನೆಯದು, ಗಂಡಸಿನ ಮಟ್ಟಿಗೆ, ವೀರ್ಯಾಣುಗಳಿಗೆ ಸೇರಿದ್ದು. ಮಗ್ಗ ಚೆನ್ನಾಗಿ ಓಡಿದರೂ ಲಾಳಿಯಲ್ಲಿ ನೂಲಿಲ್ಲದಿದ್ದರೆ ಬಟ್ಟೆ ಬಾರದು. ಲಾಳಿ ತುಂಬಿದ್ದರೂ ಮಗ್ಗ ಓಡದಿದ್ದರೆ ಬಟ್ಟೆ ಬಾರದು. ಫಲ ಒಂದೇ ಆದರೂ ದುರಸ್ತಿ ಬೇರೆ ಬೇರೆ.

ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ ನಸಬಂದಿ. ಆ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣು ಸಾಗುವ ನಾಳವನ್ನು ಕತ್ತರಿಸಿ ಕಟ್ಟುವರು. ಕೆಲವು ತಿಂಗಳಲ್ಲಿ ವೀರ್ಯ ಅಣುರಹಿತವಾಗುವುದು, ಮಕ್ಕಳಾಗುವುದಿಲ್ಲ. ಆದರೆ ಬಿಗಿತ, ಸುಖ, ಸ್ಖಲನ ಎಲ್ಲವೂ ಮೊದಲಿನಂತೆಯೇ. ವೀರ್ಯದ ಬಹುಭಾಗ ಬೇರೆ ಗ್ರಂಥಿಗಳ ದ್ರವ. ವೀರ್ಯಾಣುಗಳ ಪಾಲು ಅತ್ಯಲ್ಪ. ಆದುದರಿಂದ ವೀರ್ಯದ ಬಣ್ಣವನ್ನೋ ಗಟ್ಟಿತನವನ್ನೋ ಕಣ್ಣಿನಿಂದ ನೋಡಿ ಸಂತಾನಶಕ್ತಿಯನ್ನು ಅಳೆಯಲಾಗದು. ಇದಕ್ಕೆ ವಿರುದ್ಧವಾಗಿ, ಬಿಗಿತ ಬಾರದವನ ವೃಷಣಗಳಲ್ಲಿ ಒಳ್ಳೆಯ ವೀರ್ಯಾಣುಗಳು ಇದ್ದೇ ಇರಬಹುದು.

ಷಂಡತನಕ್ಕೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು, ಅತಿಯಾದ ಮದ್ಯ, ಕೆಲವು ಔಷಧಿಗಳು. ಜೊತೆಗೆ ಸಾಲ, ಚಿಂತೆ, ಭಯ. ಬೆಳಗಿನ ಜಾವ ನಿದ್ರೆಯಲ್ಲಿ ಬಿಗಿತ ಸರಿಯಾಗಿ ಬರುತ್ತಿದ್ದು ಹೆಂಡತಿಯ ಬಳಿ ಮಾತ್ರ ಬಾರದಿದ್ದರೆ ಕಾರಣ ಮನಸ್ಸಿನಲ್ಲಿರುವುದೇ ಹೆಚ್ಚು. ನಡುವಯಸ್ಸಿನಲ್ಲಿ ಕ್ರಮೇಣ ಕುಂದುತ್ತ ಬಂದರೆ ಉದಾಸೀನ ಮಾಡಬಾರದು. ಅಲ್ಲಿನ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಕಟ್ಟಿಕೊಳ್ಳುವ ರೋಗ ಮೊದಲು ಅಲ್ಲಿ ಕಾಣಿಸಿ, ಬಳಿಕ ಎದೆಯಲ್ಲಿ ಕಾಣಿಸಬಹುದು.

ವೀರ್ಯಾಣುವಿನ ಕೊರತೆಗೆ ಕಾರಣಗಳು ಬೇರೆ. ವೃಷಣದ ಮೇಲಿನ ನಾಳಗಳು ಉಬ್ಬಿ ಗಂಟಾಗುವುದು, ಪ್ರಾಯ ಬಂದ ಮೇಲೆ ಮಂಗಬಾವು ವೃಷಣಕ್ಕೆ ಇಳಿಯುವುದು, ಸೋಂಕಿನಿಂದ ನಾಳ ಮುಚ್ಚಿಹೋಗುವುದು, ಹುಟ್ಟಿನಿಂದ ಬಂದ ದೋಷ, ತಂಬಾಕು ಮತ್ತು ಅತಿ ಶಾಖ. ವೃಷಣಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕೆಂದೇ ಪ್ರಕೃತಿ ಅವನ್ನು ಹೊರಗೆ ಇಟ್ಟಿದೆ. ಬಾಯ್ಲರ್, ಭಟ್ಟಿಗಳ ಬಳಿ ದುಡಿಯುವವರು ಈ ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಇಂದು ಬೀಡಿ ಬಿಟ್ಟರೆ ಫಲ ನಾಳೆಯೇ ಕಾಣದು.

ಚಿಕಿತ್ಸೆಯೂ ಬೇರೆ ಎಂಬುದಕ್ಕೆ ಎರಡು ಸಾಕ್ಷಿ. ಅಮೆರಿಕದಲ್ಲಿ ೧೯೯೮ರಲ್ಲಿ ಅನುಮತಿ ಪಡೆದ ಸಿಲ್ಡೆನಾಫಿಲ್ ಗುಳಿಗೆ ಬಿಗಿತಕ್ಕೆ ನೆರವಾಗುವುದು, ವೀರ್ಯಾಣುವನ್ನು ಹೆಚ್ಚಿಸದು. ಎದೆನೋವಿಗೆ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರಿಗಂತೂ ಅದು ಪ್ರಾಣಾಪಾಯ. ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದು. ಇನ್ನು ‘ಶಕ್ತಿ’ಗೆಂದು ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಂಡರೆ ವೀರ್ಯಾಣು ಉತ್ಪತ್ತಿ ನಿಂತೇಹೋಗಬಹುದು. ಗಂಡಸುತನಕ್ಕೆಂದು ಮಾಡಿದ್ದು ಸಂತಾನಕ್ಕೇ ಮುಳುವಾಗುವುದು!

ಪರೀಕ್ಷೆ ಸುಲಭ, ನೋವಿಲ್ಲದ್ದು. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು, ಆಸ್ಪತ್ರೆ ಕೊಡುವ ಶುದ್ಧ ಡಬ್ಬಿಯಲ್ಲಿ ವೀರ್ಯ ಕೊಡಬೇಕು. ೨೦೨೧ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ ೧ ಕೋಟಿ ೬೦ ಲಕ್ಷ ವೀರ್ಯಾಣು, ಅವುಗಳಲ್ಲಿ ನೂರಕ್ಕೆ ೪೨ ಚಲಿಸುವಂಥವು ಇರುವುದು ಕೆಳಗಿನ ಮಿತಿ. ಕಡಮೆ ಬಂದ ಮಾತ್ರಕ್ಕೆ ಆಸೆ ಬಿಡಬೇಕಿಲ್ಲ, ಮತ್ತೊಮ್ಮೆ ಪರೀಕ್ಷಿಸುವರು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ದೋಷ ಪೂರ್ತಿಯಾಗಿಯೋ ಪಾಲಾಗಿಯೋ ಇರುತ್ತದೆ. ಹೆಂಡತಿಗೆ ಹತ್ತಾರು ಪರೀಕ್ಷೆ ಮಾಡಿಸುವ ಮುನ್ನ ಗಂಡನ ಈ ಒಂದು ಪರೀಕ್ಷೆ ನಡೆಯುವುದು ನ್ಯಾಯ. ಎಣಿಕೆ ತೀರ ಕಡಮೆಯಿದ್ದರೂ ದಾರಿಯುಂಟು: ಒಂದೇ ವೀರ್ಯಾಣುವನ್ನು ಅಂಡದೊಳಗೆ ಸೇರಿಸುವ ವಿಧಾನದಿಂದ ೧೯೯೨ರಿಂದಲೂ ಮಕ್ಕಳು ಹುಟ್ಟುತ್ತಿದ್ದಾರೆ. ಆದರೆ ಅದಕ್ಕೆ ಖರ್ಚು ಹೆಚ್ಚು.

ನಮ್ಮಂಥ ಪರಸ್ಥಳದವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಹೆಂಡತಿ ಊರಿನಲ್ಲಿ, ಗಂಡ ಚಾಳಿನ ಖೋಲಿಯಲ್ಲಿ. ವರ್ಷಕ್ಕೊಮ್ಮೆ ತಿಂಗಳ ರಜೆ. ಮೂರು ವರ್ಷದ ಮದುವೆಯಲ್ಲಿ ಕೂಡಿ ಬಾಳಿದ್ದು ಮೂರೇ ತಿಂಗಳು. ಗರ್ಭ ನಿಲ್ಲುವ ಅವಕಾಶ ತಿಂಗಳಿಗೆ ಸುಮಾರು ಆರು ದಿನ ಮಾತ್ರ. ಇದನ್ನು ಬಂಜೆತನವೆನ್ನಲಾಗದು, ಇದು ಬರಿಯ ಅಗಲಿಕೆ. ಎಣಿಸಬೇಕಾದುದು ಮದುವೆಯ ವರ್ಷಗಳನ್ನಲ್ಲ, ಜೊತೆಗಿದ್ದ ತಿಂಗಳುಗಳನ್ನು. ಹೆಂಡತಿಗೆ ೩೫ ದಾಟಿದ್ದರೆ ಮಾತ್ರ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಲೇಸು.

ರೈಲು ನಿಲ್ದಾಣಗಳ ಬಳಿ ಗೋಡೆಗಳ ಮೇಲೆ ‘ಗುಪ್ತ ರೋಗ’ದ ಜಾಹೀರಾತುಗಳನ್ನು ಕಾಣುತ್ತೇವೆ. ಅವರು ಎರಡು ದೋಷಗಳನ್ನೂ ‘ಧಾತುದೌರ್ಬಲ್ಯ’ವೆಂಬ ಒಂದೇ ಹೆಸರಿನಲ್ಲಿ ಕಟ್ಟಿ, ಒಂದೇ ಪುಡಿಯನ್ನು ಮಾರುವರು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು ೧೯೫೪ರ ಕಾನೂನೇ ನಿಷೇಧಿಸಿದೆ. ಒಂದು ತಿಂಗಳ ಸಂಬಳವನ್ನು ಅಲ್ಲಿ ಸುರಿಯುವ ಬದಲು ಸರಕಾರಿ ಅಥವಾ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿರಿ. ಬಿಗಿತದ ತೊಂದರೆಯೋ ಮಕ್ಕಳಾಗದ ತೊಂದರೆಯೋ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿರಿ. ಮಕ್ಕಳ ವಿಷಯವಾದರೆ ದಂಪತಿಗಳಿಬ್ಬರೂ ಕೂಡಿಯೇ ಹೋಗಿರಿ.