ಶನಿ ಬೇಡ ಅಂದ ದಿನದ ಇಂಟರ್‌ವ್ಯೂ

2025ರ ಜೂನ್. ಇಂಟರ್ನ್‌ಶಿಪ್ ಪರೀಕ್ಷೆಯ ಹಿಂದಿನ ರಾತ್ರಿ ನಾನು ಆಪ್ಟಿಟ್ಯೂಡ್ ಪುಸ್ತಕ ಬಿಟ್ಟು ಲ್ಯಾಪ್‌ಟಾಪಿನಲ್ಲಿ ಗುರುಗ್ರಹವನ್ನು ಹುಡುಕುತ್ತಿದ್ದೆ. 'ದಿನ ಚೆನ್ನಾಗಿದೆಯಾ ನೋಡ್ಕೊಳೋ' ಎಂದು ಅಮ್ಮ ಫೋನಿನಲ್ಲಿ ಹೇಳಿದ್ದೇ ನೆಪ. ಆಸ್ಟ್ರೋಲಾಗ್ ಎಂಬ ಉಚಿತ ಜ್ಯೋತಿಷ ತಂತ್ರಾಂಶ ಇಳಿಸಿಕೊಂಡಿದ್ದೆ.

ಅದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು 'ಕ್ರಾಂತಿ'. ಅಂದರೆ ಒಂದು ಗ್ರಹ ಆಕಾಶದ ವಿಷುವದ್ವೃತ್ತದಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದೆ ಎಂಬ ಲೆಕ್ಕ. ಸೂರ್ಯ ವರ್ಷದಲ್ಲಿ ಸುಮಾರು 23.4 ಡಿಗ್ರಿ ಉತ್ತರಕ್ಕೆ, ಅಷ್ಟೇ ದಕ್ಷಿಣಕ್ಕೆ ಹೋಗಿ ಬರುತ್ತಾನೆ. ಎರಡು ಗ್ರಹಗಳ ಕ್ರಾಂತಿ ಒಂದೇ ಆದರೆ 'ಪ್ಯಾರಲಲ್'. ಒಂದು ಉತ್ತರಕ್ಕೆ, ಇನ್ನೊಂದು ಅಷ್ಟೇ ದಕ್ಷಿಣಕ್ಕಿದ್ದರೆ 'ಕಾಂಟ್ರಾಪ್ಯಾರಲಲ್'. ಸಾಮಾನ್ಯವಾಗಿ ಒಂದು ಡಿಗ್ರಿಯಷ್ಟು ವ್ಯತ್ಯಾಸ ನಡೆಯುತ್ತದೆ. ನಮ್ಮವರಿಗೂ ಇದು ಹೊಸದಲ್ಲ. ಸೂರ್ಯ-ಚಂದ್ರರ ಕ್ರಾಂತಿ ಸಮವಾಗುವ ಹೊತ್ತನ್ನು ಲೆಕ್ಕ ಹಾಕಲು ಸೂರ್ಯಸಿದ್ಧಾಂತದಲ್ಲಿ ಒಂದು ಅಧ್ಯಾಯವೇ ಇದೆ.

ಆ ರಾತ್ರಿ ಸೂರ್ಯ, ಗುರು ಇಬ್ಬರೂ 23 ಡಿಗ್ರಿ ಆಸುಪಾಸಿನಲ್ಲಿದ್ದರು. ಗುರುಬಲ ಇದೆಯಲ್ಲ ಎಂದು ನೆಮ್ಮದಿಯಾಗಿ ಮಲಗಿದೆ. ಮೊದಲ ಸುತ್ತಿನಲ್ಲೇ ಔಟ್!

ಸೆಪ್ಟೆಂಬರ್ ಮಧ್ಯದಲ್ಲಿ ಕ್ಯಾಂಪಸ್‌ಗೆ ಕಂಪನಿಯೊಂದು ಬಂತು. ಮನೆಯಲ್ಲಿ ನನ್ನ ಓದಿನ ಸಾಲದ ಮಾತು ಶುರುವಾಗಿತ್ತು. ಆದರೆ ಪರದೆಯಲ್ಲಿ ಸೂರ್ಯ ಉತ್ತರಕ್ಕೆ ಸುಮಾರು ಎರಡೂವರೆ ಡಿಗ್ರಿ, ಶನಿ ಹೆಚ್ಚುಕಮ್ಮಿ ಅಷ್ಟೇ ದಕ್ಷಿಣಕ್ಕೆ. ಹೋಗುವುದೇ ಬೇಡ ಎಂದುಕೊಂಡೆ. ರೂಮ್‌ಮೇಟ್ ಬೈಯಲಿಲ್ಲ. 'ಇಂಥದ್ದು ತಿಂಗಳಿಗೆ ಎಷ್ಟು ಸಲ ಬರುತ್ತೆ?' ಎಂದಷ್ಟೇ ಕೇಳಿದ.

ಎಣಿಸಲು ಕುಳಿತೆ. ಚಂದ್ರ ಸುಮಾರು 27 ದಿನಕ್ಕೊಮ್ಮೆ ಉತ್ತರ, ದಕ್ಷಿಣದ ತುದಿಗಳನ್ನು ಮುಟ್ಟಿ ಬರುತ್ತಾನೆ. ಆ ತುದಿ 2025ರಲ್ಲಿ 28 ಡಿಗ್ರಿಗೂ ಆಚೆ ಇದ್ದುದರಿಂದ ಸೂರ್ಯನಿಂದ ಪ್ಲೂಟೊವರೆಗಿನ ಉಳಿದ ಒಂಬತ್ತೂ ಅವನ ದಾರಿಯೊಳಗೇ ಬರುತ್ತಿದ್ದವು. ಒಂದೊಂದರ ಜತೆ ಎರಡು ಪ್ಯಾರಲಲ್, ಎರಡು ಕಾಂಟ್ರಾಪ್ಯಾರಲಲ್. ಚಂದ್ರನದೇ 36 ಜೋಡಿ, ಅಂದರೆ ದಿನಕ್ಕೆ ಒಂದಕ್ಕಿಂತ ಹೆಚ್ಚು! ಮಿಕ್ಕ ಗ್ರಹಗಳು ತಮ್ಮತಮ್ಮಲ್ಲಿ ಜೋಡಿಯಾಗುವುದು ಬೇರೆ. ಗೆದ್ದ ದಿನವೂ ಸೋತ ದಿನವೂ ಏನಾದರೊಂದು ಸಿಕ್ಕೇ ಸಿಗುತ್ತದೆ. ತಂತ್ರಾಂಶದ ತಪ್ಪೇನಿಲ್ಲ. ಅದು ಬಳಸುವ ಸ್ವಿಸ್ ಎಫೆಮರಿಸ್‌ಗೆ ನಾಸಾದ ಜೆಪಿಎಲ್ ಲೆಕ್ಕಗಳೇ ಆಧಾರ. ಗ್ರಹ ಎಲ್ಲಿದೆ ಎಂದು ಅದು ಸರಿಯಾಗಿಯೇ ಹೇಳಿತ್ತು. ನಾನು ಓದಿಲ್ಲ ಎಂಬುದನ್ನು ಅದು ಹೇಗೆ ಹೇಳೀತು?

ಮರುದಿನ ಹೋದೆ. ಸ್ವಂತವಾಗಿ ಬರೆದ ಪ್ರೋಗ್ರಾಂ ಯಾವುದು ಎಂದು ಕೇಳಿದರು. ಆ 36ರ ಲೆಕ್ಕಕ್ಕೆ ರಾತ್ರಿ ಪೈಥಾನ್‌ನಲ್ಲಿ ಬರೆದಿದ್ದನ್ನೇ ವಿವರಿಸಿದೆ. 'ಹಾಗಾದರೆ ಇವತ್ತು ಹೇಗಿದೆ?' ಎಂದರು. 'ಬರಬೇಡ ಅಂದಿತ್ತು ಸರ್' ಎಂದೆ. ಎಲ್ಲರೂ ನಕ್ಕರು.

ಕೆಲಸ ಸಿಗಲಿಲ್ಲ. ಕೊನೆಯ ಸುತ್ತಿನಲ್ಲಿ ಡೇಟಾಬೇಸ್ ಜಾಯಿನ್ಸ್ ಪ್ರಶ್ನೆಗೆ ತಡವರಿಸಿದೆ. ಬೇಸರವಾಯಿತು, ನಿಜ. ಆದರೆ ಈ ಸಲ ಸೋತದ್ದು ಏಕೆ ಎಂದು ನನಗೆ ಗೊತ್ತಿತ್ತು. ಅದನ್ನು ಸರಿಮಾಡುವುದೂ ನನ್ನ ಕೈಯಲ್ಲೇ ಇತ್ತು.

ಮುಂದಿನ ವಾರ ಇನ್ನೊಂದು ಕಂಪನಿ ಬರುತ್ತಿದೆ. 'ದಿನ ಹೇಗಿದೆಯೋ?' ಅಮ್ಮ ನಿನ್ನೆಯೂ ಕೇಳಿದಳು.

'ಜಾಯಿನ್ಸ್ ಮುಗಿಸಿದ್ದೀನಮ್ಮ' ಅಂದೆ.