ಮಾಂಗಾಭಿಮಾನಿಗಳ ದುರಭಿಮಾನ

ಜಪಾನು ದೇಶದಲ್ಲಿ ಹುಟ್ಟಿದ ಮಾಂಗಾ ಎಂಬ ಚಿತ್ರಕಥೆಗಳೂ ಅನಿಮೆ ಎಂಬ ಚಲಚ್ಚಿತ್ರಗಳೂ ಇಂದು ಲೋಕವನ್ನೆಲ್ಲ ವ್ಯಾಪಿಸಿರುವ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಒಸಾಮು ತೆಜುಕಾರವರು 1952ರಲ್ಲಿ ಬರೆಯತೊಡಗಿದ ಯಂತ್ರಬಾಲಕನ ಕಥೆಯು 1963ನೆಯ ಜನವರಿ 1ರಂದು ದೂರದರ್ಶನದಲ್ಲಿ ಮೊದಲಾದಂದಿನಿಂದ ಈ ಕಲೆಯು ದಿನೇ ದಿನೇ ಅಭಿವೃದ್ಧಿಯನ್ನೇ ಹೊಂದುತ್ತ ಬಂದಿದೆ. ಕಲೆಯ ವಿಷಯದಲ್ಲಿ ನಮ್ಮ ಆಕ್ಷೇಪಣೆ ಏನೂ ಇಲ್ಲ. ನಾವಿಂದು ಎರಡು ಮಾತುಗಳನ್ನು ಆಡಬೇಕಾಗಿರುವುದು ಅದರ ಅಭಿಮಾನಿಗಳಲ್ಲಿ ಕೆಲವರ ನಡವಳಿಕೆಯನ್ನು ಕುರಿತು.

ಇವರಲ್ಲಿ ಮೊದಲನೆಯ ವರ್ಗದವರು ಸ್ವಯಂನಿಯುಕ್ತ ಪರೀಕ್ಷಾಧಿಕಾರಿಗಳು. ‘ಒನ್ ಪೀಸ್’ ತನಗೆ ಪ್ರಿಯವೆಂದು ಹೊಸಬನೊಬ್ಬನು ಬಾಯಿಬಿಟ್ಟರೆ ಸಾಕು, 1997ರಲ್ಲಿ ಆರಂಭವಾಗಿ ನೂರು ಸಂಪುಟಗಳನ್ನು ಮೀರಿದ ಆ ಕಥೆಯಲ್ಲಿ ಅವನು ಎಷ್ಟನ್ನು ಓದಿದ್ದಾನೆಂದು ಪಾಟೀಸವಾಲು ಹೂಡುವರು. ಅವನು ಜಪಾನೀ ಧ್ವನಿಯನ್ನು ಕೇಳದೆ ಹಿಂದಿಯಲ್ಲಿ ನೋಡಿದನೆಂದರಂತೂ ಅವನನ್ನು ಪಂಕ್ತಿಯಿಂದಲೇ ಹೊರಗೆ ಹಾಕುವರು. ಆದರೆ ನಮ್ಮ ದೇಶದ ಅಸಂಖ್ಯ ಮಕ್ಕಳು ಈ ಕಲೆಯ ಹೊಸ್ತಿಲನ್ನು ದಾಟಿದುದು ಹಿಂದಿ ಮಾತನಾಡುವ ‘ಡೋರೇಮಾನ್’ನ ಕೈಹಿಡಿದೇ ಅಲ್ಲವೆ? ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಇಂತಹವರನ್ನು ಕಂಡೇ ಹುಟ್ಟಿರಬೇಕು.

ಎರಡನೆಯವರು ಗುಟ್ಟುಗೇಡಿಗಳು. ‘ಷೋನೆನ್ ಜಂಪ್’ ಎಂಬ ವಾರಪತ್ರಿಕೆಯು ಜಪಾನಿನಲ್ಲಿ ಸೋಮವಾರ ಮಾರಾಟಕ್ಕೆ ಬರುವುದು. ಅದಕ್ಕೆ ಮೊದಲೇ ಅದರ ಪುಟಗಳು ಕಳವಿನಿಂದ ಹೊರಬೀಳುತ್ತವೆ. ಈ ಅಪರಾಧದ ಸಂಬಂಧವಾಗಿ ಕುಮಾಮೊತೊ ಪ್ರಾಂತದ ಪೊಲೀಸರು 2024ನೆಯ ಫೆಬ್ರವರಿಯಲ್ಲಿ ಇಬ್ಬರನ್ನು ದಸ್ತಗಿರಿ ಮಾಡಬೇಕಾಯಿತು. ಕದ್ದ ಪುಟವನ್ನು ಬಿಟ್ಟಿಯಾಗಿ ಓದುವುದು, ಯಾರು ಸತ್ತರು ಯಾರು ಉಳಿದರೆಂದು ಬೀದಿಗೆಲ್ಲ ಸಾರುವುದು, ಸಾಲದುದಕ್ಕೆ ಭಾಷಾಂತರವು ಸರಿಯಿಲ್ಲವೆಂದು ಗೊಣಗುವುದು! ಹಣ ಕೊಟ್ಟು ಕಾದಿರುವ ವಾಚಕನ ಕುತೂಹಲವನ್ನು ಕೊಳ್ಳೆಹೊಡೆಯಲು ಇವರಿಗೆ ಅಧಿಕಾರವನ್ನು ಕೊಟ್ಟವರು ಯಾರು?

ಮೂರನೆಯವರು ಇವರೆಲ್ಲರಿಗಿಂತಲೂ ಕಠೋರರಾದ ಸಾಲಗಾರಪೀಡಕರು. ಯೋಶಿಹಿರೋ ತೊಗಾಶಿಯವರು 1998ರಲ್ಲಿ ಆರಂಭಿಸಿದ ‘ಹಂಟರ್ × ಹಂಟರ್’ ಕಥೆಯು 2018ರ ಕೊನೆಯಿಂದ 2022ರ ಅಕ್ಟೋಬರಿನವರೆಗೆ ನಿಂತುಹೋಗಿತ್ತು. ಕಾರಣವು ಸೋಮಾರಿತನವಲ್ಲ, ಕುರ್ಚಿಯಲ್ಲಿ ಕುಳಿತು ಬರೆಯಲಾರದಷ್ಟು ಬೆನ್ನುಬೇನೆ. ಹಾಗಿದ್ದರೂ ಆ ರೋಗಿಯನ್ನು ಮೈಗಳ್ಳನೆಂದು ಹಾಸ್ಯಮಾಡಿದವರು ತಮ್ಮನ್ನು ಅವರ ಅಭಿಮಾನಿಗಳೆಂದೇ ಕರೆದುಕೊಂಡರು! ವಾರವಾರವೂ ಇಪ್ಪತ್ತರ ಸುಮಾರಿನ ಪುಟಗಳನ್ನು ಚಿತ್ರಿಸಿ ಒಪ್ಪಿಸುವ ದುಡಿಮೆಯು ಮನುಷ್ಯನ ದೇಹವನ್ನು ಸವೆಸುವುದೆಂಬುದು ಇವರಿಗೆ ಹೊಳೆಯಲಿಲ್ಲ.

ಹಣ ಕೊಡುವವರಿಗೆ ಕೇಳುವ ಹಕ್ಕಿಲ್ಲವೆ ಎಂದು ಯಾರಾದರೂ ಪ್ರಶ್ನಿಸಬಹುದು. ಅವಶ್ಯವಾಗಿ ಇದೆ. ಕಥೆಯು ಜಾಳಾದರೆ ಜಾಳೆನ್ನಲಿ, ಚಿತ್ರವು ಕೆಟ್ಟರೆ ಕೆಟ್ಟಿತೆನ್ನಲಿ. ಆದರೆ ಕೊಂಡದ್ದು ಪುಸ್ತಕವನ್ನು, ಬರೆದವನ ಪ್ರಾಣವನ್ನಲ್ಲ. ಕೃತಿಯ ವಿಮರ್ಶೆಗೂ ಕರ್ತೃವಿನ ಹಿಂಸೆಗೂ ಇರುವ ಅಂತರವನ್ನು ಅರಿಯದವನ ಅಭಿಮಾನವು ದುರಭಿಮಾನವೆಂದೇ ನಾವು ಹೇಳುತ್ತೇವೆ.

ಅಭಿಮಾನಿಗಳಿಗೆ ಸನ್ಮಾರ್ಗವನ್ನು ಹೊರಗಿನವರು ಬೋಧಿಸಬೇಕಾಗಿಲ್ಲ. 1975ನೆಯ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ 32 ಬಳಗಗಳು ಸೇರಿ ನಡೆಸಿದ ‘ಕಾಮಿಕೆಟ್’ ಎಂಬ ಸಂತೆಯು ಇಂದು ಲಕ್ಷಾಂತರ ಜನರನ್ನು ಸೇರಿಸುತ್ತಿದೆ. ಅಲ್ಲಿ ಗಿರಾಕಿಗಳೆಂಬುವರೇ ಇಲ್ಲ. ಮಾರುವವರು, ಕೊಳ್ಳುವವರು, ವ್ಯವಸ್ಥೆ ನೋಡಿಕೊಳ್ಳುವವರು ಎಲ್ಲರೂ ಭಾಗಿಗಳೇ ಎಂಬುದು ಅದರ ಮೂಲತತ್ತ್ವ. 2019ನೆಯ ಜುಲೈ 18ರಂದು ಕ್ಯೋಟೋ ಆನಿಮೇಷನ್ ಸಂಸ್ಥೆಗೆ ದುರುಳನೊಬ್ಬನು ಬೆಂಕಿಯಿಟ್ಟು 36 ಮಂದಿ ಅಸುನೀಗಿದಾಗ ದೇಶದೇಶಗಳ ಅಭಿಮಾನಿಗಳು ಧನಸಹಾಯವನ್ನು ಕಳುಹಿಸಿದರು. ಆಗ ಯಾರೂ ಯಾರನ್ನೂ ಎಷ್ಟು ಸಂಪುಟ ಓದಿರುವೆಯೆಂದು ಕೇಳಲಿಲ್ಲ.

ಆಪತ್ಕಾಲದಲ್ಲಿ ಕಂಡ ಆ ಸೌಜನ್ಯವು ನಿತ್ಯದ ವ್ಯವಹಾರಕ್ಕೂ ಇಳಿದುಬರಲಿ. ಹೊಸಬರಿಗೆ ಬಾಗಿಲು ತೆರೆದಿರಲಿ. ಬರೆಯುವ ಕೈಗೆ ವಿಶ್ರಾಂತಿ ದೊರೆಯಲಿ. ಕಲೆಯು ಬಾಳಬೇಕೆಂದು ಬಯಸುವವರಿಗೆ ಇದಕ್ಕಿಂತ ಹೆಚ್ಚಾಗಿ ಹೇಳಬೇಕಾದುದಿಲ್ಲವೆಂದು ನಾವು ಭಾವಿಸುತ್ತೇವೆ.