ಡಿಕಾಕ್ಷನ್ ಬೇರೆ, ಬಿಸಿನೀರು ಬೇರೆ: ರಷ್ಯನ್ನರ ಚಹಾ

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಕಟ್ಟಲು ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾದದ್ದು 1979ರಲ್ಲಿ. ಅಲ್ಲಿನ ರಾಮಕೃಷ್ಣ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ, 1969ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ಕುರ್ಸುರ ಜಲಾಂತರ್ಗಾಮಿಯೂ ಸೋವಿಯತ್ ನಾಡಿನಲ್ಲೇ ತಯಾರಾದದ್ದು. ವಿಜಯವಾಡದ ವಿಶಾಲಾಂಧ್ರ ಪ್ರಕಾಶನ ತೆಲುಗರಿಗೆ, ಬೆಂಗಳೂರಿನ ನವಕರ್ನಾಟಕ ಕನ್ನಡಿಗರಿಗೆ ರಷ್ಯನ್ ಸಾಹಿತ್ಯವನ್ನು ಕೈಗೆಟುಕುವ ಬೆಲೆಯಲ್ಲಿ ತಲುಪಿಸಿದವು. ಆ ಕತೆಗಳನ್ನು ಓದಿದವರಿಗೆಲ್ಲ ಸಮೋವಾರ್ ಎಂಬ ಹೆಸರು ಗೊತ್ತು. ಚೆಕಾಫನ 'ಅಂಕಲ್ ವಾನ್ಯಾ' ನಾಟಕದ ತೆರೆ ಏಳುವುದೇ ತೋಟದಲ್ಲಿ ಸಮೋವಾರ್ ಇಟ್ಟ ಚಹಾ ಮೇಜಿನ ಮುಂದೆ. ಆ ಪಾತ್ರೆಯಿಂದ ಚಹಾ ಹೇಗಾಗುತ್ತದೆ ಎಂಬುದನ್ನು ಮಾತ್ರ ಕತೆಗಾರರು ವಿವರಿಸುವುದಿಲ್ಲ. ಅವರ ಓದುಗರಿಗೆ ಅದರ ಅಗತ್ಯವಿರಲಿಲ್ಲ.

ಸಮೋವಾರಿನೊಳಗೆ ಚಹಾ ಇರುವುದಿಲ್ಲ, ಬರೀ ನೀರಿರುತ್ತದೆ. ಹಿತ್ತಾಳೆಯ ಹೊಟ್ಟೆಯ ನಡುವೆ ನೆಟ್ಟಗೆ ಒಂದು ಕೊಳವೆ, ಅದರ ತಳದಲ್ಲಿ ಜಾಲರಿ. ಕೊಳವೆಗೆ ಇದ್ದಿಲನ್ನೋ ಒಣಗಿದ ಪೈನ್ ಕಾಯಿಗಳನ್ನೋ ಹಾಕಿ ಹೊತ್ತಿಸುತ್ತಾರೆ. ಕೆಳಗಿನ ತೂತುಗಳಿಂದ ಗಾಳಿ ಒಳಬರುತ್ತದೆ; ಮೇಲೆ ಸಿಕ್ಕಿಸಿದ ಹೊಗೆಗೊಳವೆ ಅದನ್ನು ಎಳೆದುಕೊಳ್ಳುತ್ತದೆ. ಬೆಂಕಿಯನ್ನು ನೀರು ಸುತ್ತುವರಿದಿರುವುದರಿಂದ ಶಾಖ ಪೋಲಾಗುವುದು ಕಡಿಮೆ. ನೀರು ಕುದಿದ ಮೇಲೆ ಹೊಗೆಗೊಳವೆ ತೆಗೆದು, ಅಲ್ಲಿ ಪುಟ್ಟ ಟೀಪಾಟ್ ಕೂರಿಸುತ್ತಾರೆ. ಕೆಂಡದ ಉಳಿದ ಬಿಸಿ ಅದನ್ನು ಬೆಚ್ಚಗಿಡುತ್ತದೆ. ನೀರು ತುಂಬದೆ ಬೆಂಕಿ ಹಾಕಿದರೆ ಒಳಗಿನ ತವರದ ಬೆಸುಗೆ ಕರಗಿ ಪಾತ್ರೆಯೇ ಬಿಚ್ಚಿಕೊಳ್ಳುತ್ತದೆ. ಈ ಕಸುಬಿಗೆ ಹೆಸರಾದ ಊರು ಮಾಸ್ಕೋದ ದಕ್ಷಿಣಕ್ಕಿರುವ ತೂಲಾ. ಲಿಸಿತ್ಸಿನ್ ಸಹೋದರರು ಅಲ್ಲಿ ಸಮೋವಾರ್ ಮಾಡಲು ತೊಡಗಿದ್ದು 1778ರ ಸುಮಾರಿಗೆ.

ಟೀಪಾಟಿನಲ್ಲಿರುವುದು 'ಜವಾರ್ಕಾ'. ನಮ್ಮ ಕಾಫಿ ಫಿಲ್ಟರಿನಿಂದ ಇಳಿಯುವ ಡಿಕಾಕ್ಷನ್ನಿನ ಹಾಗೆ ಇದೂ ಗಟ್ಟಿ ಸಾರ. ಕಪ್ಪಿನ ಕಾಲು ಭಾಗದಷ್ಟು ಜವಾರ್ಕಾ ಸುರಿದು, ಉಳಿದದ್ದಕ್ಕೆ ಸಮೋವಾರಿನ ನಲ್ಲಿ ತಿರುಗಿಸಿ ಬಿಸಿನೀರು ಬೆರೆಸಿಕೊಳ್ಳುತ್ತಾರೆ. ಇಡೀ ಪದ್ಧತಿಯ ಗುಟ್ಟು ಇಷ್ಟೇ. ಅಜ್ಜನಿಗೆ ಗಟ್ಟಿ, ಮಗುವಿಗೆ ತೆಳು, ತಡವಾಗಿ ಬಂದ ನೆಂಟನಿಗೂ ಬಿಸಿ. ಯಾರೂ ಎದ್ದು ಒಲೆಯ ಬಳಿಗೆ ಓಡಬೇಕಿಲ್ಲ. ರಷ್ಯನ್ ಚಹಾ ಕೂಟ ಎರಡು ಮೂರು ತಾಸು ಸಾಗುವುದು ಇದರಿಂದಲೇ, ಮತ್ತು ಮನೆ ತುಂಬ ಜನ ಸೇರಿದಾಗ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗಂತೂ ಕಂಡಿಲ್ಲ.

ವಿಜಯವಾಡದ ಮೇ ತಿಂಗಳಲ್ಲಿ ಇದ್ದಿಲು ಹೊತ್ತಿಸಿ ಕೂರಬೇಕಿಲ್ಲ. ಮುಚ್ಚಿದ ಕೋಣೆಯೊಳಗಂತೂ ಹೊತ್ತಿಸಲೇಬಾರದು, ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ರಷ್ಯಾದ ಮನೆಗಳಿಗೇ ವಿದ್ಯುತ್ ಸಮೋವಾರ್ ಬಂದು ಎಷ್ಟೋ ಕಾಲವಾಯಿತು. ನಮಗೆ ವಿದ್ಯುತ್ ಕೆಟಲ್, ಇಲ್ಲವೇ ಫ್ಲಾಸ್ಕ್ ಸಾಕು. ಟೀಪಾಟಿಗೆ ಮೊದಲು ಬಿಸಿನೀರು ಸುತ್ತಾಡಿಸಿ ಚೆಲ್ಲಿ. ನಾಲ್ಕೈದು ಚಮಚ ಎಲೆಚಹಾ ಹಾಕಿ, 300 ಮಿಲಿಲೀಟರ್ ಕುದಿವ ನೀರು ಹೊಯ್ದು, ಮುಚ್ಚಿ, ಮೇಲೊಂದು ಬಟ್ಟೆ ಹೊದಿಸಿ ಐದು ನಿಮಿಷ ಬಿಡಿ. ಆಮೇಲೆ ಸೋಸಿಡಿ, ಸೊಪ್ಪು ಒಳಗೇ ಉಳಿದರೆ ಕಹಿ ಏರುತ್ತದೆ. ಹಾಲಿನ ಚಹಾಕ್ಕೆ ಒಗ್ಗುವ ಸಿಟಿಸಿ ಪುಡಿ ಇಲ್ಲಿ ಬೇಡ. ನೀಲಗಿರಿಯ ಅಥವಾ ಅಸ್ಸಾಮಿನ ಆರ್ಥೊಡಾಕ್ಸ್ ಎಲೆ ತನ್ನಿ. ಭಾರತದ ಚಹಾಕ್ಕೆ ರಷ್ಯಾ ಇಂದಿಗೂ ದೊಡ್ಡ ಗಿರಾಕಿ. ಆನೆ ಚಿತ್ರದ ಪೊಟ್ಟಣದ ಭಾರತೀಯ ಚಹಾ ಸೋವಿಯತ್ ಕಾಲದವರ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ. ಜವಾರ್ಕಾ ಅಂದಂದೇ ಮುಗಿಯಬೇಕು, ಮರುದಿನಕ್ಕೆ ಇಡಬೇಡಿ.

ಸಕ್ಕರೆಯನ್ನು ಕಲಕಿಯೂ ಕುಡಿಯುತ್ತಾರೆ. ಹಳಬರು ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದರ ಮೂಲಕ ಚಹಾ ಹೀರುತ್ತಿದ್ದರು. ನಿಂಬೆಯ ಬಿಲ್ಲೆ ಹಾಕಿದರೆ ಹಾಲು ಬೇಡ, ಒಡೆಯುತ್ತದೆ. ಹಣ್ಣಿನ ಪಾಕ 'ವರೇನ್ಯೆ' ಬೇರೆ ತಟ್ಟೆಯಲ್ಲಿ ಬರುತ್ತದೆ, ಒಂದು ಚಮಚ ತಿಂದು ಒಂದು ಗುಟುಕು ಕುಡಿಯಬೇಕು. ವಿಜಯವಾಡದವರಿಗೆ ನೂಜಿವೀಡಿನ ಮಾವು ಹತ್ತಿರದಲ್ಲೇ ಇದೆ, ಅದರ ಮುರಬ್ಬ ಈ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ. ರೈಲಿನಲ್ಲಾದರೆ ಗಾಜಿನ ಲೋಟವನ್ನು ಹಿಡಿಯುಳ್ಳ ಲೋಹದ ಕವಚದಲ್ಲಿ ಇಟ್ಟು ಕೊಡುತ್ತಾರೆ: ಕೈ ಸುಡುವುದಿಲ್ಲ, ಬೋಗಿ ಕುಲುಕಿದರೂ ಲೋಟ ಉರುಳುವುದಿಲ್ಲ.

ಚೀನಾದ ಚಹಾ ತುಟ್ಟಿಯಾಗಿದ್ದ ದಿನಗಳಲ್ಲಿ ಹಳ್ಳಿಯವರು ಕುಡಿದದ್ದು ಗಿಡಮೂಲಿಕೆಗಳನ್ನು. ಇವುಗಳಲ್ಲಿ 'ಇವಾನ್ ಚಾಯ್' ಮುಖ್ಯ. ಗುಲಾಬಿ ಬಣ್ಣದ ಹೂ ಬಿಡುವ ಫೈರ್‌ವೀಡ್ ಗಿಡದ ಎಲೆಯನ್ನು ಬಾಡಿಸಿ, ಕೈಯಲ್ಲಿ ಹೊಸೆದು ರಸ ಬಿಡಿಸಿ, ಒದ್ದೆ ಬಟ್ಟೆ ಮುಚ್ಚಿ ಕೆಲವು ತಾಸು ಹುದುಗಿಸಿ, ಒಣಗಿಸುತ್ತಾರೆ. ಕಪ್ಪು ಚಹಾ ಆಗುವುದೂ ಇದೇ ಹಾದಿಯಲ್ಲಿ. ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಕಪೋರ್ಯೆ ಊರಿನ ಹೆಸರಿನಲ್ಲಿ ಇದು ಮಾರಾಟವಾಗುತ್ತಿತ್ತು; ಅಸಲಿ ಚಹಾಕ್ಕೆ ಬೆರಕೆ ಮಾಡುವವರೂ ಇದ್ದರು. ಪುದೀನ, ಥೈಮ್, ಲಿಂಡನ್ ಹೂ, ಕಪ್ಪು ಕರಂಟ್ ಎಲೆ, ಕಾಡುಗುಲಾಬಿಯ ಕಾಯಿ ಉಳಿದ ಸಾಮಗ್ರಿ.

ನಾವು ಕಷಾಯವನ್ನು ಕುದಿಸಿ ಬತ್ತಿಸುತ್ತೇವೆ. ಕೊತ್ತಂಬರಿ, ಜೀರಿಗೆ, ಮೆಣಸಿನಂಥ ಗಟ್ಟಿ ಕಾಳಿಗೆ ಅದು ಸರಿ. ಎಲೆ ಮತ್ತು ಹೂವಿನ ಪರಿಮಳ ತೈಲ ಆವಿಯ ಜೊತೆ ಹಾರಿಹೋಗುವುದರಿಂದ ರಷ್ಯನ್ನರು ಅವನ್ನು ಕುದಿಸುವುದಿಲ್ಲ. ಬಿಸಿನೀರು ಹೊಯ್ದು ಹತ್ತು ನಿಮಿಷ ಮುಚ್ಚಿಡುತ್ತಾರೆ. ನಮ್ಮ ತುಳಸಿ, ಮಜ್ಜಿಗೆ ಹುಲ್ಲು, ಪುದೀನಕ್ಕೂ ಇದೇ ಕ್ರಮ ಒಳ್ಳೆಯದು. ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ. ವಿಶಾಖಪಟ್ಟಣದ ಕಡಲಗಾಳಿ ತೇವದ್ದು; ಗರಿಗರಿಯಾದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬದಿದ್ದರೆ ಬೂಸ್ಟು ಹಿಡಿಯುತ್ತದೆ. ಸಿಹಿಗೆ ಜೇನು ಬೇಕಿದ್ದರೆ ಅದೇ ಊರಿನಲ್ಲಿ ಕೇಂದ್ರ ಕಚೇರಿಯುಳ್ಳ ಗಿರಿಜನ ಸಹಕಾರ ನಿಗಮದ ಮಳಿಗೆಗಳಲ್ಲಿ ಆದಿವಾಸಿಗಳು ಸಂಗ್ರಹಿಸಿದ ಜೇನು ಸಿಗುತ್ತದೆ.

ರಷ್ಯನ್ ಗಿಡಮೂಲಿಕೆ ಪೊಟ್ಟಣ ಕೊಳ್ಳುವಾಗ ಅದರ ಪಟ್ಟಿಯನ್ನು ತಪ್ಪದೆ ಓದಿ. 'ಜ್ವೆರೊಬೋಯ್', ಅಂದರೆ ಸೇಂಟ್ ಜಾನ್ಸ್ ವರ್ಟ್, ಹಲವು ಮಿಶ್ರಣಗಳಲ್ಲಿರುತ್ತದೆ. ಅದು ಗರ್ಭನಿರೋಧಕ ಮಾತ್ರೆ, ರಕ್ತ ತೆಳುಗೊಳಿಸುವ ವಾರ್ಫರಿನ್‌ಗಳ ಪರಿಣಾಮವನ್ನು ತಗ್ಗಿಸುತ್ತದೆ. ಖಿನ್ನತೆಯ ಔಷಧಗಳ ಜೊತೆ ಸೇರಿದರೆ ಅಪಾಯ. ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅಂಥ ಪೊಟ್ಟಣ ತೆರೆಯಬೇಡಿ.